ಡಾಕ್ಟರು ಆಪರೇಶನ್ ಕಲಿಯುವುದು ಯಾರ ಮೇಲೆ?



ಸೈಕಲ್ ಕಲಿಯುವಾಗ ನಾವೆಲ್ಲ ಬಿದ್ದಿದ್ದೇವೆ. ಮಂಡಿ ತರಚಿತು, ಅಷ್ಟೇ. ರೊಟ್ಟಿ ತಟ್ಟಲು ಕಲಿಯುವಾಗ ಮೊದಲ ರೊಟ್ಟಿ ಹರಿದರೆ ದನಕ್ಕೆ ಹಾಕ್ತೀವಿ. ಆದರೆ ಆಪರೇಶನ್ ಕಲಿಯುವ ಡಾಕ್ಟರು ಏನು ಮಾಡಬೇಕು? ಮೊದಲನೆಯದು ಕೆಟ್ಟುಹೋಯ್ತು ಅಂತ ಬಿಡುವ ಹಾಗಿಲ್ಲ. ಮೇಜಿನ ಮೇಲೆ ಮಲಗಿರುವುದು ಯಾರದೋ ತಾಯಿ, ಯಾರದೋ ಮಗು. ಹಾಗಾದರೆ ಅವರು ಮೊದಲು ಯಾರ ಮೇಲೆ ಕಲೀತಾರೆ? ಅದನ್ನೇ ಈ ಸಲ ಬರೆಯುತ್ತಿದ್ದೇನೆ.

ಈ ಪ್ರಶ್ನೆ ಬಹಳ ಹಳೆಯದು. ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥ ಸುಶ್ರುತ ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಎಷ್ಟೇ ಓದಿದ್ದರೂ ಕೈಯಿಂದ ಅಭ್ಯಾಸ ಮಾಡದವನು ಚಿಕಿತ್ಸೆಗೆ ತಕ್ಕವನಲ್ಲ ಎಂದು ಅದು ಹೇಳುತ್ತದೆ. ಕತ್ತರಿಸುವುದನ್ನು ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿಯ ಮೇಲೆ ಕಲಿಯಬೇಕು. ರಕ್ತನಾಳ ಚುಚ್ಚುವುದನ್ನು ತಾವರೆ ದಂಟಿನ ಮೇಲೆ, ಹೊಲಿಗೆ ಹಾಕುವುದನ್ನು ಬಟ್ಟೆ ಮತ್ತು ಮೆತ್ತನೆ ಚರ್ಮದ ಮೇಲೆ ಕಲಿಯಬೇಕು. ಪಟ್ಟಿ ಕಟ್ಟುವುದಕ್ಕೆ ಮನುಷ್ಯನ ಆಕಾರದ ಬೊಂಬೆ ಬೇಕು.

ಈಗಿನ ಕಾಲದ ಆಪರೇಶನ್‌ಗೆ ಸೋರೆಕಾಯಿ ಸಾಲದು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬ ವೈದ್ಯರು ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ತೂತುಗಳಿಂದಲೇ ಪಿತ್ತಕೋಶವನ್ನು ಹೊರತೆಗೆದರು. ಇದಕ್ಕೆ ಲ್ಯಾಪ್ರೋಸ್ಕೋಪಿ ಎನ್ನುತ್ತಾರೆ. ಈಗ ಇದು ಎಲ್ಲ ಕಡೆ ನಡೆಯುತ್ತದೆ. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಸಿ ಉಬ್ಬಿಸುತ್ತಾರೆ. ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಉಪಕರಣಗಳು ಒಳಗೆ ಹೋಗುತ್ತವೆ. ವೈದ್ಯರು ಟಿವಿ ಪರದೆ ನೋಡಿಕೊಂಡು ಕೆಲಸ ಮಾಡುತ್ತಾರೆ. ಗಾಯ ಚಿಕ್ಕದು, ರೋಗಿ ಬೇಗ ಮನೆಗೆ ಹೋಗಬಹುದು. ಆದರೆ ವೈದ್ಯರಿಗೆ ಕೆಲಸ ಕಷ್ಟ. ಯಾಕೆ ಅಂತ ನೀವೇ ಮಾಡಿ ನೋಡಿ.

ಒಂದು ರಟ್ಟಿನ ಡಬ್ಬದ ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಉದ್ದ ಕಡ್ಡಿ ತೂರಿಸಿ. ಡಬ್ಬದ ಒಂದು ಬದಿ ಕತ್ತರಿಸಿ, ಒಳಗೆ ಹುಣಸೆಬೀಜ ಇಡಿ. ಈಗ ಕಡ್ಡಿಯ ತುದಿಯಿಂದ ಬೀಜವನ್ನು ಬಲಕ್ಕೆ ತಳ್ಳಿ. ನಿಮ್ಮ ಕೈ ಎಡಕ್ಕೆ ಹೋಗಬೇಕು! ತೂತೇ ಸನ್ನೆಯ ಆಧಾರ ಬಿಂದು ಆಗಿಬಿಡುತ್ತದೆ. ಇದರ ಜೊತೆಗೆ ಪರದೆಯ ಚಿತ್ರ ಚಪ್ಪಟೆ, ಹತ್ತಿರ ದೂರ ಸರಿಯಾಗಿ ತಿಳಿಯುವುದಿಲ್ಲ. ಪಿತ್ತಕೋಶದ ಪಕ್ಕದಲ್ಲೇ ಮುಖ್ಯ ಪಿತ್ತನಾಳ ಇದೆ. ಕೈತಪ್ಪಿ ಅದನ್ನು ಕತ್ತರಿಸಿದರೆ ರೋಗಿಗೆ ದೊಡ್ಡ ಅಪಾಯ.

ನಮ್ಮ ಸೋದರತ್ತೆಗೆ ಇದೇ ಆಪರೇಶನ್ ಆಗಿದೆ. "ಡಾಕ್ಟ್ರು ಕೈ ಪಳಗಿದೋರಾ ಅಂತ ವಿಚಾರಿಸ್ಕೊಂಡೇ ಹೋಗಿದ್ದು ಕಣೇ" ಅಂದರು. ಸರಿಯೇ. ಆದರೆ ಎಲ್ಲರೂ ಪಳಗಿದ ಕೈಯನ್ನೇ ಹುಡುಕಿದರೆ ಹೊಸಬರ ಕೈ ಪಳಗುವುದು ಹೇಗೆ? ದುಡ್ಡಿದ್ದವರು ಹುಡುಕಿಕೊಂಡು ಹೋಗಬಹುದು. ಇಲ್ಲದವರು ಸಿಕ್ಕಿದವರ ಕೈಗೆ ತಮ್ಮನ್ನು ಒಪ್ಪಿಸಬೇಕು.

ಈ ತೊಂದರೆಗೆ ದಾರಿ ತೋರಿಸಿದ್ದು ವಿಮಾನ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ನೆಲದ ಮೇಲೇ ಇದ್ದು ವಿಮಾನ ನಡೆಸಲು ಕಲಿಸುವ ಯಂತ್ರ ಮಾಡಿದರು. ಅದರಲ್ಲಿ ತಪ್ಪು ಮಾಡಿದರೆ ಯಾರೂ ಸಾಯುವುದಿಲ್ಲ. ಅಂಥ ಯಂತ್ರಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಆಪರೇಶನ್‌ಗೂ ಈಗ ಸಿಮ್ಯುಲೇಟರ್ ಇವೆ. ಕಂಪ್ಯೂಟರ್ ತೋರಿಸುವ ಈ ಸುಳ್ಳು ಲೋಕವೇ ವರ್ಚುವಲ್ ರಿಯಾಲಿಟಿ. ಕೆಲವು ಯಂತ್ರಗಳಲ್ಲಿ ಮುಖಕ್ಕೆ ದೊಡ್ಡ ಕನ್ನಡಕ ಕಟ್ಟುತ್ತಾರೆ. ಎರಡು ಕಣ್ಣಿಗೂ ಸ್ವಲ್ಪ ಬೇರೆ ಬೇರೆ ಚಿತ್ರ ಕಾಣುವುದರಿಂದ ಆಳ ಗೊತ್ತಾಗುತ್ತದೆ. ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಕೆಲವು ಯಂತ್ರಗಳ ಹಿಡಿಕೆಯಲ್ಲಿ ಮೋಟಾರು ಇದ್ದು, ಗಟ್ಟಿ ಭಾಗ ಮುಟ್ಟಿದರೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಕೈ ಎಲ್ಲಿ ಅಲುಗಿತು, ಎಷ್ಟು ಹೊತ್ತಾಯಿತು ಎಂದು ಕಂಪ್ಯೂಟರ್ ಲೆಕ್ಕ ಇಡುತ್ತದೆ.

ಇದೆಲ್ಲ ಬರೀ ಆಟವೋ, ನಿಜವಾಗಿ ಉಪಯೋಗವೋ? ಇದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಲಿಯುತ್ತಿದ್ದ 16 ಯುವ ವೈದ್ಯರನ್ನು ಎಂಟೆಂಟು ಜನರಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ತರಬೇತಿ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಮಿಸ್ಟ್-ವಿಆರ್ ಎಂಬ ಯಂತ್ರದ ಅಭ್ಯಾಸ. ಆ ಯಂತ್ರದ ಪರದೆಯಲ್ಲಿ ರಕ್ತ, ಕರುಳು ಏನೂ ಇರಲಿಲ್ಲ, ಬರೀ ಗುಂಡು ಮತ್ತು ಚೌಕಗಳು! ಇಷ್ಟು ಗಂಟೆ ಕಲಿತರೆ ಪಾಸು ಅಂತಲೂ ಇರಲಿಲ್ಲ. ಅನುಭವಿ ವೈದ್ಯರ ಮಟ್ಟ ಮುಟ್ಟುವವರೆಗೂ ಅಭ್ಯಾಸ ಮಾಡಬೇಕಿತ್ತು.

ಆಮೇಲೆ ಎಲ್ಲರೂ ಹಿರಿಯ ವೈದ್ಯರ ಎದುರಿನಲ್ಲಿ ನಿಜವಾದ ರೋಗಿಗೆ ಪಿತ್ತಕೋಶದ ಆಪರೇಶನ್ ಮಾಡಿದರು. ವಿಡಿಯೋ ನೋಡಿ ತಪ್ಪು ಎಣಿಸಿದವರಿಗೆ ಯಾರು ಯಾವ ಗುಂಪು ಅಂತ ಹೇಳಿರಲಿಲ್ಲ. ಯಂತ್ರದಲ್ಲಿ ಕಲಿತವರ ತಪ್ಪು ಸರಾಸರಿ 1.19. ಕಲಿಯದವರದು 7.38. ಅಂದರೆ ಸುಮಾರು ಆರು ಪಟ್ಟು! ಯಂತ್ರದಲ್ಲಿ ಕಲಿತವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇಕಡಾ 29ರಷ್ಟು ಬೇಗ ಮುಗಿಸಿದರು.

ನಮ್ಮ ದೇಶದಲ್ಲೂ 2019ರಲ್ಲಿ ಎಂ.ಬಿ.ಬಿ.ಎಸ್.ಗೆ ಹೊಸ ಪಠ್ಯಕ್ರಮ ಬಂತು. ಸೂಜಿ ಚುಚ್ಚುವುದು, ಹೊಲಿಗೆ ಹಾಕುವುದು ಮುಂತಾದವನ್ನು ಮೊದಲು ಸ್ಕಿಲ್ಸ್ ಲ್ಯಾಬ್‌ನಲ್ಲಿ ಬೊಂಬೆಗಳ ಮೇಲೆ ಕಲಿಯಬೇಕು ಎಂದು ಅದರಲ್ಲಿದೆ. ವರ್ಚುವಲ್ ರಿಯಾಲಿಟಿಯ ಒಳ್ಳೆಯ ಯಂತ್ರಗಳು ಮಾತ್ರ ದುಬಾರಿ.

ಯಂತ್ರವೇ ಎಲ್ಲ ಕಲಿಸುತ್ತದೆ ಅಂತ ತಿಳಿಯಬಾರದು. ಯಂತ್ರದೊಳಗಿನ ರೋಗಿಗೆ ಹೆದರಿಕೆ ಇಲ್ಲ, ಹೊರಗೆ ಬೆಂಚಿನ ಮೇಲೆ ಕಾಯುವ ಮನೆಯವರೂ ಇಲ್ಲ. ರೋಗಿಯ ಕೈ ಹಿಡಿದು "ಹೆದರಬೇಡಿ" ಅನ್ನುವುದನ್ನು ಗುರುಗಳಿಂದ, ರೋಗಿಗಳಿಂದಲೇ ಕಲಿಯಬೇಕು. ಯಂತ್ರ ಕಲಿಸುವುದು ಕೈಗೆ ಮಾತ್ರ.

ಆದರೆ ಆ ಕೈ ಮೊದಲ ತಪ್ಪನ್ನು ಯಾರಿಗೂ ನೋವಾಗದ ಕಡೆ ಮಾಡಿ ಮುಗಿಸಿರಬೇಕು. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಆಪರೇಶನ್‌ಗೂ ಅದೇ ಮಾತು. ನಮ್ಮ ತರಗತಿಯಲ್ಲಿ "ಮುಂದೆ ಡಾಕ್ಟರ್ ಆಗ್ತೀನಿ" ಅನ್ನುವವರು ಆರು ಜನ ಇದ್ದೀರಿ. ರಟ್ಟಿನ ಡಬ್ಬ, ಕಡ್ಡಿ, ಹುಣಸೆಬೀಜ ಇವತ್ತೇ ಹುಡುಕಿ!

– 7ನೇ ತರಗತಿಯ ವಿದ್ಯಾರ್ಥಿನಿ