ಬೇಸಿಗೆಯ ಏರುದಾರಿಯೂ ಪೆಟ್ರೋಲಿನ ಆವಿಯೂ

ವೈಶಾಖದ ನಡುಹಗಲಿನಲ್ಲಿ ಔರಾದಿನಿಂದ ಹೊರಟು, ಮಾಂಜ್ರಾ ನದಿಯನ್ನು ದಾಟಿ ಬೀದರಿನ ಕೆಂಪುಕಲ್ಲಿನ ದಿಬ್ಬವನ್ನೇರುತ್ತಿದ್ದ ಹಿಂದಿನ ಬಾಡಿಗೆಯ ಮೋಟಾರುಗಳು ನಡುದಾರಿಯಲ್ಲಿ ಕೆಮ್ಮಿ ನಿಲ್ಲುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ಭಾಲ್ಕಿಯಿಂದ ಬರುವವರ ಪಾಡೂ ಅದೇ ಆಗಿದ್ದಿತು. ಟಾಕಿಯಲ್ಲಿ ಪೆಟ್ರೋಲುಂಟು, ಕಿಡಿಯೂ ಸರಿಯಾಗಿದೆ. ಆದರೂ ಎಂಜಿನು ಉಸಿರೆತ್ತದು. ಚಾಲಕನು ಪಂಪಿಗೆ ಒದ್ದೆಯ ಬಟ್ಟೆ ಸುತ್ತಿ, ಬೇವಿನ ನೆರಳಿನಲ್ಲಿ ಬೀಡಿ ಸೇದಿ ಬರುವಷ್ಟರಲ್ಲಿ ಗಾಡಿಯು ಏನೂ ಆಗದಂತೆ ಹೊರಡುತ್ತಿದ್ದಿತು. ಕಲಬೆರಕೆಯೆಂದು ಪೆಟ್ರೋಲು ಮಾರಿದವನನ್ನು ಶಪಿಸಿದವರೂ ಉಂಟು. ಬಹುಮಟ್ಟಿಗೆ ಆತನು ನಿರಪರಾಧಿ.

ಪೆಟ್ರೋಲು ನೀರಿನಂತೆ ಒಂದೇ ಉಷ್ಣಮಾನದಲ್ಲಿ ಕುದಿಯುವ ದ್ರವವಲ್ಲ. ಅದರಲ್ಲಿನ ಹಗುರವಾದ ಅಂಶಗಳು ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಆವಿಯಾಗತೊಡಗುತ್ತವೆ. ಹಳೆಯ ಕಾರುಗಳಲ್ಲಿ ಪಂಪು ಕಾದ ಎಂಜಿನಿನ ಮಗ್ಗುಲಲ್ಲಿದ್ದು, ಹಿಂಬದಿಯ ಟಾಕಿಯಿಂದ ಪೆಟ್ರೋಲನ್ನು ಹೀರಬೇಕು. ಹೀರಿದ ಕಡೆ ಒತ್ತಡ ತಗ್ಗುವುದು. ಒತ್ತಡ ತಗ್ಗಿದಲ್ಲಿ ಕುದಿಯುವುದು ಇನ್ನೂ ಸುಲಭ. ಬೀದರು ಸಮುದ್ರಮಟ್ಟಕ್ಕಿಂತ 2,000 ಅಡಿಗೂ ಮೇಲಿರುವುದೂ ಇದಕ್ಕೆ ತುಸು ನೆರವಾಗುವುದು. ಹೀಗೆ ನಳಿಗೆಯಲ್ಲಿ ಆವಿ ಸೇರಿದರೆ ಪಂಪು ಆ ಆವಿಯನ್ನೇ ಹಿಸುಕುತ್ತ ಕೂರುವುದೇ ಹೊರತು, ಕಾರ್ಬುರೇಟರಿಗೆ ಹನಿಯೂ ತಲಪದು. ಇದನ್ನೇ ವೇಪರ್ ಲಾಕ್ ಎನ್ನುವರು. ಹೀರುವುದೇ ದೋಷದ ಮೂಲ. ತಳ್ಳುವುದೇ ಅದಕ್ಕೆ ಮದ್ದು. 1908ರ ಫೋರ್ಡ್ ಮಾಡೆಲ್ ಟಿ ಕಾರಿಗೆ ಪಂಪೇ ಇರಲಿಲ್ಲ. ಪೆಟ್ರೋಲು ತನ್ನ ಭಾರದಿಂದಲೇ ಇಳಿಯುತ್ತಿದ್ದಿತು. ಆದರೆ ಟಾಕಿ ಬರಿದಾಗುತ್ತ ಬಂದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಬೇಕಾದ ವಿನೋದವೂ ಅದಕ್ಕಿದ್ದಿತು!

ನೆಲದ ಮೇಲೆ ವಿನೋದವಾದುದು ಗಗನದಲ್ಲಿ ಪ್ರಾಣಸಂಕಟ. 18,000 ಅಡಿ ಏರಿದರೆ ವಾಯುಭಾರವು ಅರ್ಧಕ್ಕಿಳಿಯುವುದು. ಆದುದರಿಂದಲೇ ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ಟಾಕಿಯ ತಳದಲ್ಲಿಯೇ ವಿದ್ಯುತ್ ಪಂಪನ್ನಿಟ್ಟು ಇಂಧನವನ್ನು ಒತ್ತಡದಿಂದ ಮುಂದಕ್ಕೆ ತಳ್ಳುವ ಏರ್ಪಾಡು ಬಂದಿತು. ವಿಮಾನದ ಪೆಟ್ರೋಲಿನ ಆವಿಯ ಒತ್ತಡಕ್ಕೂ ಮಿತಿಯುಂಟು: 37.8 ಡಿಗ್ರಿಯಲ್ಲಿ ಅದು 49 ಕಿಲೋಪಾಸ್ಕಲನ್ನು, ಎಂದರೆ ಸಮುದ್ರಮಟ್ಟದ ವಾಯುಭಾರದ ಅರ್ಧವನ್ನು, ಮೀರಕೂಡದು. ಬೀದರಿನ ವಾಯುನೆಲೆಯಲ್ಲಿ ಹಿಂದೆ ತರುಣರು ಹಾರಲು ಕಲಿತುದು ಪೆಟ್ರೋಲಿನಿಂದ ನಡೆಯುವ ಎಚ್‌ಟಿ-2 ವಿಮಾನಗಳಲ್ಲಿ. ನೆಲಬಿಟ್ಟು ಕೆಲವು ನೂರು ಅಡಿ ಏರಿದೊಡನೆ ಎಂಜಿನು ಮೌನವಾದರೆ, ಕಲಿಯುವವನಿಗೆ ಯೋಚಿಸಲು ದೊರೆಯುವುದು ಕೆಲವೇ ಕ್ಷಣ. 2008ರಲ್ಲಿ ಅಲ್ಲಿಗೆ ಬಂದ ಹಾಕ್ ಜೆಟ್‌ಗಳು ಸೀಮೆಎಣ್ಣೆಯ ಜಾತಿಯ ಇಂಧನವನ್ನು ಉರಿಸುತ್ತವೆ. ಅದು ಅಷ್ಟು ಸುಲಭವಾಗಿ ಆವಿಯಾಗದು.

ಇಂದಿನ ಕಾರುಗಳಲ್ಲಿಯೂ ಪಂಪು ಟಾಕಿಯೊಳಗೇ ಇದೆ. ಆದರೆ ಹಳೆಯ ಜೀಪನ್ನು ಮೋಹದಿಂದ ಇರಿಸಿಕೊಂಡವರು ಒಂದನ್ನು ತಿಳಿದಿರಬೇಕು: ಶೇಕಡಾ 10ರಷ್ಟು ಎಥನಾಲು ಬೆರೆತರೆ ಪೆಟ್ರೋಲಿನ ಆವಿಯ ಒತ್ತಡ ಏರುತ್ತದೆ. ಅಂಥವರು ಟಾಕಿಯ ಬಳಿ ವಿದ್ಯುತ್ ಪಂಪನ್ನು ಕೂಡಿಸಿ, ಇಂಧನದ ನಳಿಗೆಯನ್ನು ಹೊಗೆಕೊಳವೆಯಿಂದ ದೂರ ಸರಿಸಿ, ಆವಿಯು ಟಾಕಿಗೆ ಹಿಂದಿರುಗಲು ಸಣ್ಣದೊಂದು ಮರುನಳಿಗೆಯನ್ನು ಹಾಕಿಸಲಿ. ಒದ್ದೆಯ ಬಟ್ಟೆಯನ್ನು ಸುತ್ತುವುದಾದರೆ ಪಂಪಿಗೆ ಮಾತ್ರ. ಕಾದ ಬೀಡಿನ ಮೇಲೆ ತಣ್ಣೀರು ಸುರಿದರೆ ಅದು ಸೀಳೀತು.