ತೇವಯಂತ್ರ ಮತ್ತು ಅದರ ಬತ್ತಿಯ ಪೋಷಣೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಹೊಗೆಸೊಪ್ಪಿನ ರೈತರಿಗೆ ಗಾಳಿಯಲ್ಲಿರುವ ತೇವದ ಮಹಿಮೆಯನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಬ್ಯಾರನ್ನಿನೊಳಗೆ ಶಾಖವನ್ನು ಕ್ರಮವಾಗಿ ಏರಿಸಿ, ಎಲೆಯನ್ನು ಹಳದಿಗೆ ತಿರುಗಿಸಿ, ಬಳಿಕ ನಡುದಂಟಿನವರೆಗೂ ಒಣಗಿಸಿದ ಮೇಲೆ ಸೊಪ್ಪು ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಿರುವುದು. ಬಾಗಿಲು ಕಿಂಡಿಗಳನ್ನು ತೆರೆದು ಹೊರಗಿನ ತಂಪುಗಾಳಿಯನ್ನು ಒಳಕ್ಕೆ ಬಿಟ್ಟರೆ ಅದೇ ಎಲೆಯು ತೇವವನ್ನು ಹೀರಿ ಮೆತ್ತಗಾಗಿ, ವಿಂಗಡಿಸುವುದಕ್ಕೂ ಕಟ್ಟುವುದಕ್ಕೂ ಯೋಗ್ಯವಾಗುವುದು. ಅತಿಯಾಗಿ ಹೀರಿದರೆ ಬೂಷ್ಟು ಹಿಡಿದು ಕೆಡುವುದು. ಒಣಗಿದರೂ ಕೇಡು, ನೆನೆದರೂ ಕೇಡು; ನಡುವಣ ಹದವೇ ಲೇಸು. ನಾವು ಉಸಿರಾಡುವ ಮನೆಯ ಗಾಳಿಗೂ ಈ ನ್ಯಾಯವೇ ಅನ್ವಯಿಸುವುದು.

ಮಾಘಮಾಸ ಕಳೆದು ಚೈತ್ರ ಮುಗಿಯುವವರೆಗೆ ಈ ಸೀಮೆಯಲ್ಲಿ ಒಣಗಾಳಿಯ ಕಾಲ. ತುಟಿ ಬಿರಿಯುವುದು, ಗಂಟಲು ಒಣಗುವುದು, ಬೆಳಗ್ಗೆ ಎದ್ದಾಗ ಮೂಗು ಉರಿಯುವುದು ಇವೆಲ್ಲ ಆ ಕಾಲದ ಲಕ್ಷಣಗಳು. ಹಿಂದಿನವರು ಲಾವಂಚದ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಈಗ ಅನುಕೂಲಸ್ಥರು ಕೂಲರನ್ನೋ, ಅಂಗಡಿಯವರು ಹ್ಯೂಮಿಡಿಫೈಯರ್ ಎಂದು ಕರೆಯುವ ತೇವಯಂತ್ರವನ್ನೋ ಮನೆಗೆ ತರುವರು. ಕೊಳ್ಳುವಾಗ ಬಣ್ಣವನ್ನೂ ಬೆಲೆಯನ್ನೂ ಹತ್ತು ಸಲ ವಿಚಾರಿಸುವ ನಾವು ಅದರೊಳಗಿರುವ ಫಿಲ್ಟರಿನ ಮಾತನ್ನೇ ಎತ್ತುವುದಿಲ್ಲ. ಆದರೆ ಯಂತ್ರದಿಂದ ಬರುವ ಗುಣವಾಗಲಿ ದೋಷವಾಗಲಿ ಬಹುಮಟ್ಟಿಗೆ ಈ ಫಿಲ್ಟರನ್ನೇ ಅವಲಂಬಿಸಿದೆ. ಆದಕಾರಣ ಅದನ್ನು ಆರಿಸುವ, ಕಾಪಾಡುವ, ಕಾಲ ಬಂದಾಗ ಬಿಸುಡುವ ಕ್ರಮವನ್ನು ಗೃಹಸ್ಥರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಮೊಟ್ಟಮೊದಲು ವಿಚಾರಿಸತಕ್ಕದ್ದು, ಮನೆಗೆ ತೇವ ಬೇಕೇ ಎಂಬುದು. ಗಾಳಿಯು ಹಿಡಿಯಬಲ್ಲ ತೇವದಲ್ಲಿ ನೂರಕ್ಕೆ 40ರಿಂದ 50ರಷ್ಟಿದ್ದರೆ ದೇಹಕ್ಕೆ ಹಿತ. 60ನ್ನು ಮೀರಿದರೆ ಗೋಡೆಗೂ ಬಟ್ಟೆಗೂ ಬೂಷ್ಟು ಹಿಡಿಯುವ ಸಂಭವವುಂಟು. ಇದನ್ನು ಅಳೆಯುವ ಉಪಾಯ ಕಷ್ಟವಾದುದಲ್ಲ. ಎರಡು ಉಷ್ಣಮಾಪಕಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆಯಾದ ಹತ್ತಿಯ ಬತ್ತಿಯನ್ನು ತೊಡಿಸಿ, ಎರಡನ್ನೂ ಗಾಳಿಯಾಡುವಲ್ಲಿ ನೋಡಬೇಕು. ಒಣ ಮಾಪಕ 30 ಡಿಗ್ರಿ, ಒದ್ದೆ ಮಾಪಕ 20 ಡಿಗ್ರಿ ಸೆಂಟಿಗ್ರೇಡ್ ತೋರಿಸಿದರೆ ತೇವವು ನೂರಕ್ಕೆ ಸುಮಾರು 40. ಒದ್ದೆ ಮಾಪಕ 25 ತೋರಿಸಿದರೆ ಸುಮಾರು 67. ಅಂತರ ಹೆಚ್ಚಿದಷ್ಟೂ ಗಾಳಿ ಒಣಗಿದೆಯೆಂದು ಅರ್ಥ. ಇಷ್ಟು ಶ್ರಮ ಬೇಡವೆನ್ನುವವರಿಗೆ ಅಂಕೆಯನ್ನೇ ತೋರಿಸುವ ಸಣ್ಣ ಆರ್ದ್ರತಾಮಾಪಕಗಳು ಅಂಗಡಿಯಲ್ಲಿ ದೊರೆಯುವುವು. ಮಾಪಕವಿಲ್ಲದೆ ತೇವಯಂತ್ರವನ್ನು ನಡೆಸುವುದು ರುಚಿ ನೋಡದೆ ಉಪ್ಪು ಹಾಕಿದಂತೆ.

ಇನ್ನು ಫಿಲ್ಟರಿನ ಸ್ವರೂಪವನ್ನು ನೋಡೋಣ. ಹೆಸರನ್ನು ಕೇಳಿ ಇದು ಕೊಳೆಯನ್ನು ಸೋಸುವ ವಸ್ತುವೆಂದು ಭಾವಿಸುವುದು ಸಹಜ. ಆದರೆ ಬೀಸಣಿಗೆಯುಳ್ಳ ತೇವಯಂತ್ರದಲ್ಲಿ ಇದರ ಮುಖ್ಯ ಕೆಲಸ ಸೋಸುವುದಲ್ಲ. ಇದು ಮೇಲೆ ಹೇಳಿದ ಉಷ್ಣಮಾಪಕದ ಬತ್ತಿಯ ಅಣ್ಣ. ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಇದು ತೊಟ್ಟಿಯ ನೀರನ್ನು ಮೇಲಕ್ಕೆ ಹೀರುವುದು. ಜೇನುಗೂಡಿನಂತೆ ರಂಧ್ರಗಳಿರುವ ಅದರ ಕಾಗದದ ಮಡಿಕೆಗಳ ಮೂಲಕ ಬೀಸಣಿಗೆಯು ಗಾಳಿಯನ್ನು ಎಳೆಯುವುದು. ನೀರು ಆವಿಯಾಗಿ ಹೊರಡುವುದು. ಕಂಪನದಿಂದ ನೀರನ್ನು ಮಂಜಿನಂತೆ ಚಿಮ್ಮುವ ಅಲ್ಟ್ರಾಸಾನಿಕ್ ಎಂಬ ಯಂತ್ರ ಬೇರೆ ಜಾತಿಯದು. ಅದರಲ್ಲಿ ಬತ್ತಿಯಿಲ್ಲ, ಕೆಲವದರಲ್ಲಿ ನೀರಿನ ಲವಣವನ್ನು ಹಿಡಿಯುವ ಹರಳುಗಳ ಡಬ್ಬಿಯಿರುವುದು. ಅದನ್ನೂ ಫಿಲ್ಟರೆಂದೇ ಮಾರುವರು. ಒಂದರದು ಇನ್ನೊಂದಕ್ಕೆ ಒದಗದು.

ಆವಿಯಾಗುವುದು ನೀರು ಮಾತ್ರ. ನೀರಿನಲ್ಲಿ ಕರಗಿರುವ ಸುಣ್ಣ ಮೊದಲಾದ ಲವಣಗಳು ಬತ್ತಿಯಲ್ಲಿಯೇ ಉಳಿಯುವುವು. ಒಂದು ಲೆಕ್ಕವನ್ನು ನೋಡಿರಿ. ಲೀಟರಿಗೆ 300 ಮಿಲಿಗ್ರಾಂ ಲವಣವಿರುವ ನೀರನ್ನು ದಿನಕ್ಕೆ 3 ಲೀಟರಿನಂತೆ ಆವಿಮಾಡಿದರೆ 30 ದಿನಗಳಲ್ಲಿ 27 ಗ್ರಾಂ ಲವಣವು ಯಂತ್ರದೊಳಗೆ ಸೇರುವುದು. ಕುಡಿಯುವ ನೀರಿನ ಭಾರತೀಯ ಮಾನಕವು 2012ರ ಪರಿಷ್ಕರಣೆಯಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೂ ಲವಣವನ್ನು ಒಪ್ಪಿರುವುದರಿಂದ, ಕುಡಿಯಲು ಯೋಗ್ಯವಾದ ನೀರೆಲ್ಲ ಬತ್ತಿಗೆ ಯೋಗ್ಯವೆಂದು ತಿಳಿಯಬಾರದು. ಕೊಳವೆಬಾವಿಯ ಗಡಸುನೀರು ಬತ್ತಿಯನ್ನು ಕೆಲವೇ ವಾರಗಳಲ್ಲಿ ಹಲಗೆಯಂತೆ ಬಿರುಸುಮಾಡುವುದು. ಪಾತ್ರೆಯ ಬುಡದಲ್ಲಿ ಬಿಳಿಯ ಹಕ್ಕಳೆ ಕಟ್ಟುವ ನೀರು ಬತ್ತಿಗೂ ಶತ್ರುವೇ. ಕಾಯಿಸಿದರೆ ಗಡಸುತನದ ಒಂದು ಭಾಗ ಮಾತ್ರ ಹೋಗುವುದು. ಚೊಕ್ಕಟವಾಗಿ ಹಿಡಿದು ಸೋಸಿದ ಮಳೆನೀರು, ಅಥವಾ ಮನೆಯಲ್ಲಿ ಆರ್‌ಓ ಯಂತ್ರವಿದ್ದರೆ ಅದರ ಶುದ್ಧನೀರು ಉತ್ತಮ. ಅಲ್ಟ್ರಾಸಾನಿಕ್ ಯಂತ್ರಕ್ಕಂತೂ ಲವಣವಿಲ್ಲದ ನೀರೇ ಬೇಕು. ಇಲ್ಲವಾದರೆ ಆ ಲವಣವೇ ಬಿಳಿಯ ಧೂಳಾಗಿ ಮೇಜಿನ ಮೇಲೆಯೂ ನಮ್ಮ ಶ್ವಾಸಕೋಶಗಳಲ್ಲಿಯೂ ಇಳಿಯುವುದು.

ಹೊಸ ಬತ್ತಿಯನ್ನು ಕೊಳ್ಳುವಾಗ ನಾಲ್ಕು ಅಂಶಗಳನ್ನು ಗಮನಿಸತಕ್ಕದ್ದು. ಒಂದು, ಯಂತ್ರದ ಹೆಸರಿನ ಜೊತೆಗೆ ಅದರ ಅಡಿಯಲ್ಲಿ ಬರೆದಿರುವ ಮಾದರಿಯ ಸಂಖ್ಯೆಯನ್ನೂ ಬರೆದುಕೊಂಡು ಹೋಗಬೇಕು. ಎರಡು, ಹಳೆಯದರ ಉದ್ದ, ಅಗಲ, ದಪ್ಪಗಳನ್ನು ಮಿಲಿಮೀಟರಿನಲ್ಲಿ ಅಳೆಯಬೇಕು. ಚೌಕಟ್ಟಿಗೂ ಬತ್ತಿಗೂ ನಡುವೆ ಸಂದಿಯಿದ್ದರೆ ಗಾಳಿಯು ಒದ್ದೆಯನ್ನು ಮುಟ್ಟದೆ ಆ ಸಂದಿಯಲ್ಲಿಯೇ ನುಸುಳಿಹೋಗುವುದು. ಮೂರು, ಹೆಚ್ಚು ದಪ್ಪನಾದುದು ಹೆಚ್ಚು ಒಳ್ಳೆಯದೆಂಬ ಭ್ರಮೆ ಬೇಡ. ಅದು ಗಾಳಿಯನ್ನು ತಡೆದು ಬೀಸಣಿಗೆಗೆ ಆಯಾಸವನ್ನುಂಟುಮಾಡುವುದು. ನಾಲ್ಕು, ಬೇರೆ ತಯಾರಕರ ಅಗ್ಗದ ಬತ್ತಿಯನ್ನು ತಂದರೆ ಅದರ ಕೆಳಅಂಚನ್ನು ತಟ್ಟೆಯ ನೀರಿನಲ್ಲಿಟ್ಟು ಪರೀಕ್ಷಿಸಬೇಕು. ನೀರು ಸಮನಾಗಿ ಮೇಲೇರಿದರೆ ಇಟ್ಟುಕೊಳ್ಳಬಹುದು; ಬಣ್ಣ ಬಿಟ್ಟರೆ, ಮಡಿಕೆ ಕಳಚಿದರೆ, ಅಂಟಿನ ವಾಸನೆ ಬಂದರೆ ಹಿಂದಿರುಗಿಸುವುದೇ ವಿವೇಕ. ಕ್ರಿಮಿನಾಶಕ ಲೇಪವುಂಟೆಂಬ ಬರಹವನ್ನು ನಂಬಿ ತೊಳೆಯುವುದನ್ನು ಬಿಡಬಾರದು.

ಕೂಲರಿನ ಪಕ್ಕೆಗಳಿಗೂ ಇದೇ ವಿವೇಕ ಸಲ್ಲುವುದು. ಮರದ ಸಿಪ್ಪೆಯ ಹುಲ್ಲಿನಂತಹ ತಟ್ಟಿ ಅಗ್ಗ, ಆದರೆ ಬೇಗನೆ ಕುಸಿಯುವುದು. ಜೇನುಗೂಡಿನ ಕಾಗದದ ತಟ್ಟಿ ಬೆಲೆ ಹೆಚ್ಚಾದರೂ ಬಹುಕಾಲ ಬಾಳುವುದು. ಸಂಸ್ಕೃತದಲ್ಲಿ ಉಶೀರವೆನಿಸಿದ ಲಾವಂಚವು ಸುಗಂಧವನ್ನು ಕೊಡುವುದು. ಆದರೆ ಪರಿಮಳವು ಶುಚಿತ್ವಕ್ಕೆ ಸಾಕ್ಷಿಯಲ್ಲವೆಂಬುದನ್ನು ಮರೆಯಬಾರದು.

ಪೋಷಣೆಯ ಕ್ರಮ ಹೀಗೆ. ತೊಟ್ಟಿಯ ಹಳೆಯ ನೀರನ್ನು ಪ್ರತಿದಿನವೂ ಚೆಲ್ಲಿ ಹೊಸದನ್ನು ತುಂಬಬೇಕು. ಉಳಿದ ನೀರಿನ ಮೇಲೆ ಸುರಿಯುತ್ತ ಹೋಗಬಾರದು. ಮೂರು ದಿನಕ್ಕೊಮ್ಮೆ ವಿದ್ಯುತ್ತಿನ ತಂತಿಯನ್ನು ಕಳಚಿ, ತೊಟ್ಟಿಯ ಲೋಳೆಯನ್ನು ಉಜ್ಜಿ ತೊಳೆಯಬೇಕು. ಬತ್ತಿಯನ್ನು ತಣ್ಣೀರಿನಲ್ಲಿ ಅದ್ದಿ ತೆಗೆಯಬೇಕಲ್ಲದೆ ಬಟ್ಟೆಯಂತೆ ಹಿಂಡಬಾರದು, ಸಾಬೂನು ಹಚ್ಚಬಾರದು. ಮತ್ತೆ ಇಡುವಾಗ ತಲೆಕೆಳಗಾಗಿ ತಿರುಗಿಸಿಟ್ಟರೆ ಸವೆತ ಸಮನಾಗುವುದು. ಸುಣ್ಣ ಕಟ್ಟಿದ್ದರೆ, ತಯಾರಕರ ಸೂಚನೆಯಲ್ಲಿ ನಿಷೇಧವಿಲ್ಲದಿದ್ದಲ್ಲಿ, ಬಿಳಿಯ ವಿನೆಗರಿಗೆ ಅಷ್ಟೇ ನೀರನ್ನು ಬೆರೆಸಿ ಅದರಲ್ಲಿ ಅರ್ಧಗಂಟೆ ನೆನೆಯಿಟ್ಟು, ವಾಸನೆ ಹೋಗುವವರೆಗೂ ಜಾಲಿಸಬೇಕು. ವಿನೆಗರಿನ ಜೊತೆಗೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಸೇರಿಸಕೂಡದು. ಹಾಗೆ ಸೇರಿಸಿದರೆ ಕ್ಲೋರಿನ್ ಎಂಬ ವಿಷವಾಯು ಹುಟ್ಟುವುದು. ನೆಗಡಿಗೆ ಒಳ್ಳೆಯದೆಂದು ತೊಟ್ಟಿಗೆ ನೀಲಗಿರಿ ಎಣ್ಣೆಯನ್ನು ಸುರಿಯುವುದೂ ಸಲ್ಲದು. ಎಣ್ಣೆ ಹಿಡಿದ ಬತ್ತಿ ನೀರನ್ನು ಹೀರಲಾರದು.

ಬತ್ತಿಯ ಆಯುಸ್ಸು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಪಂಚಾಂಗಕ್ಕಿಂತ ಲಕ್ಷಣವನ್ನು ನೋಡುವುದು ಮೇಲು. ಮೇಲಿನ ಅಂಚು ಒಣಗಿಯೇ ಇದ್ದರೆ, ತೊಳೆದ ಮೇಲೂ ಬಿರುಸು ಹೋಗದಿದ್ದರೆ, ತೊಟ್ಟಿಯ ನೀರು ಮೊದಲಿನಷ್ಟು ಇಳಿಯದಿದ್ದರೆ, ಅದರ ಕೆಲಸ ಮುಗಿಯಿತು. ಕಪ್ಪು ಅಥವಾ ಹಸುರು ಚುಕ್ಕೆ ಕಂಡರೆ, ಮುಗ್ಗಲು ವಾಸನೆ ಬಂದರೆ, ತೊಳೆಯುವ ಗೋಜಿಗೇ ಹೋಗದೆ ಅಂದೇ ಬಿಸುಡಬೇಕು.

ಇಷ್ಟು ಕಟ್ಟುನಿಟ್ಟು ಏತಕ್ಕೆಂದರೆ, ನಿಂತ ನೀರಿನಲ್ಲಿ ಹುಟ್ಟಿದುದನ್ನು ಯಂತ್ರವು ನೇರವಾಗಿ ಮಲಗಿದವರ ಮೂಗಿಗೆ ಒಯ್ಯುವುದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಹೋಟೆಲೊಂದರಲ್ಲಿ ಸಭೆ ಸೇರಿದ್ದವರಿಗೆ ಘೋರವಾದ ಶ್ವಾಸಕೋಶದ ಉರಿಯೂತ ತಗಲಿ ಹಲವರು ಮೃತರಾದರು. ಲೀಜನೆಲ್ಲ ಎಂದು ಹೆಸರು ಪಡೆದ ಆ ರೋಗಾಣು ನೀರಿನಲ್ಲಿ ಬೆಳೆದು ಸೂಕ್ಷ್ಮ ಹನಿಗಳ ಮೂಲಕ ಹರಡತಕ್ಕದ್ದೆಂದು ಅನಂತರ ತಿಳಿಯಿತು. ಮನೆಯ ಸಣ್ಣ ಯಂತ್ರವನ್ನು ಕಂಡು ಹೆದರಬೇಕಾದುದಿಲ್ಲ. ಆದರೆ ಶಿಶುಗಳೂ ವೃದ್ಧರೂ ಇರುವ ಕೋಣೆಯಲ್ಲಿ ಅಲಕ್ಷ್ಯ ಸಲ್ಲದು. ಗೂರಲುರೋಗವಿರುವ ಮಗುವಿಗೆ ತೇವವೇ ಔಷಧವೆಂದು ತಿಳಿಯುವುದೂ ತಪ್ಪು. ತೇವ ಹೆಚ್ಚಿದಲ್ಲಿ ಹಾಸಿಗೆಯ ಧೂಳುಹುಳುಗಳು ವೃದ್ಧಿಯಾಗಿ ಉಬ್ಬಸವನ್ನು ಹೆಚ್ಚಿಸಬಲ್ಲುವು. ಅಂಥವರ ಕೋಣೆಯಲ್ಲಿ ಯಂತ್ರವನ್ನಿಡುವ ಮುನ್ನ ವೈದ್ಯರನ್ನು ಕೇಳತಕ್ಕದ್ದು.

ಮುಂಗಾರು ಬಂದೊಡನೆ ಈ ಯಂತ್ರಕ್ಕೆ ವಿಶ್ರಾಂತಿ ಕೊಡಬೇಕು. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿ ಮಳೆಯ ತೇವ ಹೆಚ್ಚು. ಕೃಷ್ಣರಾಜನಗರದ ಬಯಲಿನಲ್ಲಿ ಅಷ್ಟಿಲ್ಲ. ಹೇಗಿದ್ದರೂ ಮಳೆಗಾಲದಲ್ಲಿ ಮನೆಗೆ ಬೇಕಾದುದು ಗಾಳಿ ಬೆಳಕುಗಳೇ ಹೊರತು ಇನ್ನಷ್ಟು ತೇವವಲ್ಲ. ತೊಟ್ಟಿಯನ್ನು ತೊಳೆದು ಒರೆಸಿ, ಬಳಸಿದ ಬತ್ತಿಯನ್ನು ಬಿಸುಟು, ಹೊಸದೊಂದನ್ನು ಕಟ್ಟು ಬಿಚ್ಚದೆ ಒಣಗಿದ ಜಾಗದಲ್ಲಿಟ್ಟರೆ ಮುಂದಿನ ಮಾಘಕ್ಕೆ ಸಿದ್ಧವಾಗಿರುವುದು. ಹೊಸ ಬತ್ತಿಯ ಬೆಲೆಯನ್ನು ವರ್ಷದ ವೆಚ್ಚದಲ್ಲಿ ಮೊದಲೇ ಸೇರಿಸಿಕೊಂಡವನಿಗೆ ಹಳೆಯದನ್ನು ಎಸೆಯಲು ಮನಸ್ಸು ಹಿಂಜರಿಯದು.

ಮೂರು ದಿನಕ್ಕೊಮ್ಮೆ ಕಾಲುಗಂಟೆಯನ್ನು ಈ ಕೆಲಸಕ್ಕೆ ಕೊಡಲಾರದ ಮನೆಯವರು ಯಂತ್ರವನ್ನು ಕೊಳ್ಳದಿರುವುದೇ ಒಳ್ಳೆಯದು. ಒಗೆದ ಬಟ್ಟೆಯನ್ನು ರಾತ್ರಿ ಕೋಣೆಯಲ್ಲಿ ಹರವಿದರೂ ಬೇಸಗೆಯ ಗಾಳಿಗೆ ಬೇಕಾದ ತೇವ ಸ್ವಲ್ಪಮಟ್ಟಿಗೆ ಒದಗುವುದು. ಬೆಳಗ್ಗೆ ಬಟ್ಟೆಯೂ ಒಣಗಿರುವುದು.