ವೋಲ್ಟೇಜ್ ಇಳಿದಾಗ ಮೋಟರ್ ಏಕೆ ಸುಡುತ್ತದೆ?

ಮನೆಯಲ್ಲಿ ಕರೆಂಟಿನಿಂದ ನಡೆಯುವ ಸಾಮಾನುಗಳನ್ನು ಮೂರು ಗುಂಪು ಮಾಡಿಕೊಂಡರೆ ಅವುಗಳ ಆರೈಕೆ ಅರ್ಧ ತಿಳಿದ ಹಾಗೆ. ಗೀಸರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು ಬಿಸಿ ಮಾಡುವ ಗುಂಪಿನವು. ಫ್ಯಾನು, ಕೂಲರ್, ಫ್ರಿಜ್, ವಾಷಿಂಗ್ ಮಷೀನ್, ಬೋರಿನ ಪಂಪು ತಿರುಗುವ ಗುಂಪಿನವು. ಟಿವಿ, ಎಲ್‌ಇಡಿ ಬಲ್ಬು, ಚಾರ್ಜರ್‌ಗಳು ಎಲೆಕ್ಟ್ರಾನಿಕ್ ಗುಂಪಿಗೆ ಸೇರುತ್ತವೆ. ಮೊದಲನೆಯವುಗಳಲ್ಲಿ ನೀರು ಕಾಯಿಸುವವನ್ನು ಗಡಸು ನೀರು ಕೆಡಿಸುತ್ತದೆ, ಮೂರನೆಯವನ್ನು ಏರಿದ ವೋಲ್ಟೇಜ್. ನಡುವಿನ ಗುಂಪನ್ನು ಕೆಡಿಸುವುದು ಇಳಿದ ವೋಲ್ಟೇಜ್. ಜನ ಸುಲಭವಾಗಿ ನಂಬದಿರುವುದು ಇದನ್ನೇ.

ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಊರಿನಲ್ಲಿ ಈ ವಿಷಯ ಎತ್ತಿದರೆ ಬರುವ ಮೊದಲ ಪ್ರಶ್ನೆ ಹೀಗಿರುತ್ತದೆ: “ವೋಲ್ಟೇಜ್ ಕಮ್ಮಿ ಬಂದ್ರ ಮಷೀನ್‌ಗೇನ್ ಆಗ್ತದ್ರಿ? ಕರೆಂಟೇ ಕಮ್ಮಿ ಹೋದಂಗಾಯ್ತಲ್ಲ!” ಕೇಳುವವರ ತರ್ಕ ಬಲ್ಬಿನ ಮಟ್ಟಿಗೆ ಸರಿಯಾಗಿಯೇ ಇದೆ. ಹಳೆಯ ತಂತಿಬಲ್ಬಿಗೆ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ, ಬೆಳಕು ಮಂದವಾಗುತ್ತದೆ, ಬಲ್ಬು ಇನ್ನೂ ಹೆಚ್ಚು ದಿನ ಬಾಳುತ್ತದೆ. ಕಾಯಿಸುವ ರಾಡಿನದೂ ಅದೇ ಕಥೆ. ನೀರು ಕಾಯಲು ತಡವಾಗುತ್ತದೆ, ಅಷ್ಟೇ. ಮೋಟರಿನ ಲೆಕ್ಕ ಮಾತ್ರ ತಿರುಗುಮುರುಗು.

ತಿರುಗುತ್ತಿರುವ ಮೋಟರ್ ತನ್ನ ಸುರುಳಿಯೊಳಗೆ ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ. ಲೈನಿನಿಂದ ನುಗ್ಗುವ ಕರೆಂಟನ್ನು ತಡೆದು ಹಿಡಿಯುವುದು ಅದೇ. ಸುರುಳಿಯ ತಾಮ್ರಕ್ಕೆ ಇರುವ ಸ್ವಂತ ತಡೆ ತೀರಾ ಕಡಿಮೆ. ಮೋಟರ್ ನಿಂತುಬಿಟ್ಟರೆ ಆ ಎದುರು ವೋಲ್ಟೇಜೂ ಹೋಯಿತು. ಆಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಒಳಗೆ ಹರಿಯುತ್ತದೆ. ಸುರುಳಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಷ್ಟು ಏರುತ್ತದೆ. ಕರೆಂಟು 5 ಪಟ್ಟು ಆದರೆ ಬಿಸಿ 25 ಪಟ್ಟು!

ಇನ್ನೊಂದು ಲೆಕ್ಕ ನೋಡಿ. ಫ್ರಿಜ್, ಪಂಪುಗಳಲ್ಲಿರುವ ಬಗೆಯ ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಕುಗ್ಗುತ್ತದೆ. ಮನೆಗೆ ಬರಬೇಕಾದದ್ದು 230 ವೋಲ್ಟ್. ಸಂಜೆ ಅದು 160ಕ್ಕೆ ಇಳಿಯಿತು ಎನ್ನಿ. ವೋಲ್ಟೇಜಿನಲ್ಲಿ ಹೋದದ್ದು ಸುಮಾರು ಮೂರನೆಯ ಒಂದು ಪಾಲು, ಬಲದಲ್ಲಿ ಹೋದದ್ದು ಅರ್ಧಕ್ಕಿಂತ ತುಸು ಹೆಚ್ಚು. ಫ್ರಿಜ್ಜಿನ ಕಂಪ್ರೆಸರ್ ಗ್ಯಾಸನ್ನು ಒತ್ತುವ ಕೆಲಸ ಅಷ್ಟೇ ಇದೆ, ಬಲ ಅರ್ಧ. ತಿರುಗುತ್ತಿದ್ದರೆ ಏದುಸಿರು ಬಿಡುತ್ತಾ ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ. ನಿಂತಿದ್ದರೆ ಏಳುವುದೇ ಇಲ್ಲ. ಗುಂಯ್ ಎನ್ನುತ್ತಾ ಕುಳಿತಲ್ಲೇ ಬೇಯುತ್ತದೆ. ಸುರುಳಿಯ ಮೇಲಿನ ವಾರ್ನಿಷ್ ಲೇಪದ ಆಯಸ್ಸು ಪ್ರತಿ 10 ಡಿಗ್ರಿ ಹೆಚ್ಚಿನ ಬಿಸಿಗೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಮೋಟರ್ ಕಟ್ಟುವವರೆಲ್ಲ ನೆಚ್ಚಿಕೊಂಡ ನಿಯಮ. ಹೀಗಾಗಿ ಕಂಪ್ರೆಸರ್ ಒಂದೇ ದಿನಕ್ಕೆ ಸುಡುವುದು ಅಪರೂಪ. ಒಂದೊಂದು ಬೇಸಿಗೆಯೂ ಅದರ ಆಯಸ್ಸಿನಲ್ಲಿ ಒಂದಿಷ್ಟು ತಿಂದಿರುತ್ತದೆ. ಕೊನೆಗೊಂದು ದಿನ ‘ಸುಮ್ಮನೆ’ ಕೆಟ್ಟಿತು ಅನ್ನುತ್ತೇವೆ.

ಹಾಗಾದರೆ ಕಡಿಮೆ ವೋಲ್ಟೇಜಿನಲ್ಲಿ ಸೀಲಿಂಗ್ ಫ್ಯಾನ್ ಏಕೆ ಸುಡುವುದಿಲ್ಲ? ಜಾಣ ಪ್ರಶ್ನೆ, ತರಗತಿಯಲ್ಲಿ ಯಾರಾದರೂ ಕೇಳಿದರೆ ನನಗೆ ಖುಷಿಯೋ ಖುಷಿ. ಫ್ಯಾನಿನ ವೇಗ ಇಳಿದಂತೆ ಅದು ತಳ್ಳಬೇಕಾದ ಗಾಳಿಯ ಭಾರವೂ ಇಳಿಯುತ್ತದೆ. ಬಲ ಕುಗ್ಗಿತು, ಹೊರೆಯೂ ಕುಗ್ಗಿತು, ಲೆಕ್ಕ ಸರಿಹೋಯಿತು. ರೆಗ್ಯುಲೇಟರ್ ಮಾಡುವುದೂ ಇದನ್ನೇ. ಕಂಪ್ರೆಸರಿಗೆ ಆ ರಿಯಾಯಿತಿ ಇಲ್ಲ. (ವೋಲ್ಟೇಜ್ ಚೆನ್ನಾಗಿದ್ದೂ ಫ್ಯಾನ್ ನಿಧಾನವಾದರೆ ವೈಂಡಿಂಗ್‌ಗೆ ಕೊಡುವ ಮೊದಲು ಕಂಡೆನ್ಸರ್ ಬದಲಿಸಿ ನೋಡಿ. ಬಹಳ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.)

ವೋಲ್ಟೇಜ್ ಇಳಿಯುವುದಾದರೂ ಏಕೆ? ತಂತಿ ಉದ್ದವಾದಷ್ಟೂ, ಅದರಲ್ಲಿ ಕರೆಂಟು ಹೆಚ್ಚು ಹರಿದಷ್ಟೂ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಟಿಸಿ (ಟ್ರಾನ್ಸ್‌ಫಾರ್ಮರ್) ಪಕ್ಕದ ಮನೆಗೆ ಒಂದು ವೋಲ್ಟೇಜ್, ಲೈನಿನ ತುದಿಯ ಮನೆಗೆ ಇನ್ನೊಂದು. ಕಬ್ಬಿಗೆ ನೀರು ಹಾಯಿಸುವ ಪಂಪುಗಳೆಲ್ಲ ಒಟ್ಟಿಗೆ ಎದ್ದಾಗ ತುದಿಯ ಮನೆಯ ಟ್ಯೂಬ್‌ಲೈಟ್ ಮಿಣುಕುವುದು ಇದಕ್ಕೇ. ಪಂಪ್‌ಸೆಟ್ಟಿನ ಲೈನು ಬೇರೆ, ಮನೆಗಳ ಲೈನು ಬೇರೆ ಮಾಡಲೆಂದು ರಾಜ್ಯದಲ್ಲಿ ‘ನಿರಂತರ ಜ್ಯೋತಿ’ ಯೋಜನೆ ಬಂದದ್ದರ ಹಿಂದೆಯೂ ಈ ತೊಂದರೆ ಇತ್ತು.

ಈಗ ಕರೆಂಟು ಹೋಗಿ ತಕ್ಷಣ ಬಂದಾಗಿನ ಮಾತು. ನನ್ನ ಮೆಚ್ಚಿನ ಭಾಗ ಇದು. ಸಾಧಾರಣ ಫ್ರಿಜ್ಜಿನ ಹಿಂದೆ ಕೆಳಗೆ ಕರಿ ಗುಂಡಗಿನ ಕಂಪ್ರೆಸರ್ ಇರುತ್ತದಲ್ಲ, ಅದರ ಪಕ್ಕೆಗೆ ಸಿಕ್ಕಿಸಿದ ಪುಟ್ಟ ಡಬ್ಬಿಯೇ ರಿಲೇ. ಅದರೊಳಗೆ ನಾಣ್ಯದಷ್ಟು ಅಗಲದ ಒಂದು ಪಿಂಗಾಣಿ ಬಿಲ್ಲೆ, ಬೇರಿಯಂ ಟೈಟನೇಟಿನಿಂದ ಮಾಡಿದ್ದು. ತಣ್ಣಗಿದ್ದಾಗ ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಬಿಸಿಯಾದರೆ ತಡೆದುಬಿಡುತ್ತದೆ. ಮೋಟರನ್ನು ಎಬ್ಬಿಸಲು ಒಂದು ಹೆಚ್ಚುವರಿ ಸುರುಳಿ ಬೇಕು, ಎದ್ದ ಮೇಲೆ ಬೇಡ. ಬಿಲ್ಲೆ ಮೊದಲ ಕ್ಷಣ ಆ ಸುರುಳಿಗೆ ಕರೆಂಟು ಕೊಟ್ಟು, ತಾನು ಬಿಸಿಯಾಗಿ, ಅದನ್ನು ಕಡಿದುಹಾಕುತ್ತದೆ. ಸ್ವಿಚ್ಚಿಲ್ಲ, ಅಲುಗುವ ಭಾಗವೇ ಇಲ್ಲ. ಎಂಥ ಸೊಗಸಾದ ಉಪಾಯ!

ಆದರೆ ಕರೆಂಟು ಹೋಗಿ ಅರ್ಧ ನಿಮಿಷದಲ್ಲಿ ಬಂದರೆ ಬಿಲ್ಲೆ ಇನ್ನೂ ಬಿಸಿಯಾಗಿಯೇ ಇರುತ್ತದೆ, ಎಬ್ಬಿಸುವ ಸುರುಳಿಗೆ ದಾರಿ ಮುಚ್ಚಿರುತ್ತದೆ. ಅತ್ತ ಕೊಳವೆಯೊಳಗಿನ ಗ್ಯಾಸಿನ ಒತ್ತಡವೂ ಎರಡು ಕಡೆ ಸಮನಾಗಿರುವುದಿಲ್ಲ, ಏಕೆಂದರೆ ಅದು ಕೂದಲೆಳೆಯಂಥ ಸಣ್ಣ ನಳಿಗೆಯಲ್ಲಿ ನಿಧಾನವಾಗಿ ಹಿಂದಕ್ಕೆ ಹರಿಯಬೇಕು. ಪರಿಣಾಮ ನಿಮಗೆ ಕೇಳಿಸುತ್ತದೆ: ಗುಂಯ್ ಎಂದು ಕೆಲವು ಸೆಕೆಂಡು, ಆಮೇಲೆ ಟಕ್. ಟಕ್ ಎಂದದ್ದು ಕಂಪ್ರೆಸರನ್ನು ಕಾಯುವ ಓವರ್‌ಲೋಡ್ ತುಂಡು. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್, ಮತ್ತೆ ಟಕ್. ಈ ಸದ್ದು ಕೇಳಿದರೆ ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಸ್ಟೆಬಿಲೈಜರ್ ಕೊಳ್ಳುವಾಗಲೂ ವಾಟಿನ ಜೊತೆಗೆ, ಕರೆಂಟು ಬಂದ ಮೇಲೆ ಮೂರು ನಿಮಿಷವಾದರೂ ತಡೆದು ಕೊಡುವ ಏರ್ಪಾಡು ಅದರಲ್ಲಿದೆಯೇ, ವೋಲ್ಟೇಜ್ ತೀರಾ ಇಳಿದಾಗಲೂ ತೀರಾ ಏರಿದಾಗಲೂ ಪೂರ್ತಿ ಕಡಿಯುತ್ತದೆಯೇ ಎಂದು ಕೇಳಿ.

ಪ್ಲಗ್ ಕಿತ್ತು ಕಾದ ಮೇಲೂ, ವೋಲ್ಟೇಜ್ ಸರಿಯಿದ್ದಾಗಲೂ ಅದೇ ಸದ್ದು ಬಂದರೆ ರಿಲೇಯನ್ನು ಬಿಚ್ಚಿಸಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ಬಿಲ್ಲೆ ಒಡೆದಿದೆ. ಕಂಪ್ರೆಸರಿಗೆ ಹೋಲಿಸಿದರೆ ಅದರ ಬೆಲೆ ಏನೇನೂ ಅಲ್ಲ. ಇಷ್ಟು ನೋಡದೆ ಗ್ಯಾಸ್ ಹೋಗಿದೆ ಎಂದು ಗ್ಯಾಸ್ ತುಂಬಿಸಿದವರು, ಗುಜರಿಗೆ ಹಾಕಿದವರು ಎಷ್ಟೋ ಮಂದಿ. ನನಗೆ ತೀರಾ ಸಂಕಟವಾಗುವುದು ಇಲ್ಲಿಯೇ.

ಹೆಚ್ಚು ವೋಲ್ಟೇಜಿನ ಬಗ್ಗೆ ಒಂದೇ ಮಾತು, ಆದರೆ ಮರೆಯಬಾರದ ಮಾತು. ಊರಿನ ಮನೆಗಳನ್ನು ಮೂರು ಫೇಸಿಗೆ ಹಂಚಿರುತ್ತಾರೆ, ಮೂರಕ್ಕೂ ನ್ಯೂಟ್ರಲ್ ತಂತಿ ಒಂದೇ. ಗಾಳಿಮಳೆಗೆ ಅದು ಕಡಿದರೆ ಎರಡು ಫೇಸುಗಳ ನಡುವಿನ 400 ವೋಲ್ಟ್ ಮನೆಮನೆಗೆ ಅಡ್ಡಾದಿಡ್ಡಿ ಹಂಚಿಹೋಗುತ್ತದೆ. ಕಡಿಮೆ ಸಾಮಾನು ಹಚ್ಚಿದ ಫೇಸಿಗೇ ಹೆಚ್ಚು ವೋಲ್ಟೇಜ್. ನಿಮ್ಮ ಮನೆಯ ಬಲ್ಬು ಒಮ್ಮೆಲೇ ಬೆಳ್ಳಗೆ ಉರಿದು ಎದುರು ಮನೆಯದು ಮಂಕಾದರೆ ಯೋಚಿಸುತ್ತಾ ನಿಲ್ಲಬೇಡಿ, ಮೇನ್ ಸ್ವಿಚ್ ಇಳಿಸಿ. ಆಮೇಲೆ ವಿದ್ಯುತ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕಪ್ಪುಕಲ್ಲಿನ ಪದರದಿಂದ ಬರುವ ಬೋರಿನ ನೀರಿನಲ್ಲಿ ಸುಣ್ಣದಂಶ ಇರುತ್ತದೆ. ಕಾಯಿಸಿದಾಗ ಅದು ಗೀಸರಿನ ಕಾಯಿಲ್ ಮೇಲೆ ಗಟ್ಟಿಯಾಗಿ ಕೂತು, ಬಿಸಿಯು ನೀರಿಗೆ ದಾಟದಂತೆ ತಡೆಯುತ್ತದೆ. ಗೀಸರನ್ನು 60 ಡಿಗ್ರಿ ದಾಟಿಸಬೇಡಿ. ರಾಡನ್ನು ಪ್ಲಗ್ ತೆಗೆದು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿದರೆ ಪೊರೆ ಬಿಡುತ್ತದೆ. ಗೀಸರಿನ ತೊಟ್ಟಿಯೊಳಗೆ ಮ್ಯಾಗ್ನೀಶಿಯಂ ಕಡ್ಡಿಯೊಂದಿರುತ್ತದೆ. ತೊಟ್ಟಿಯ ಬದಲು ತಾನು ಕರಗಿಹೋಗುವುದೇ ಅದರ ಕೆಲಸ. ಗಡಸು ನೀರಿನ ಕಡೆ ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು. ಫ್ರಿಜ್ಜಿನ ಹಿಂಬದಿಯ ಜಾಳಿಗೆಗೆ ಎರೆಮಣ್ಣಿನ ದೂಳು ಮೆತ್ತಿದರೆ ಬಿಸಿ ಹೊರಹೋಗದು, ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಸುಗ್ಗಿ ಮುಗಿದ ಮೇಲೆ ಒಮ್ಮೆ ಒಣ ಬ್ರಷ್ಷಿನಿಂದ ಒರೆಸಿ, ಗೋಡೆಗೆ ಒತ್ತಿ ಇಡಬೇಡಿ.

ತಗಡಿನ ಕೂಲರ್ ಬಗ್ಗೆ ಮಾತ್ರ ಅವಸರ ಮಾಡಲಾರೆ. ಒದ್ದೆ ನೆಲ, ಬರಿಗಾಲು, ಲೋಹದ ಮೈ ಮೂರೂ ಅಲ್ಲಿ ಕೂಡಿರುತ್ತವೆ. ಬೇಸಿಗೆಯಲ್ಲಿ ಎರೆಭೂಮಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯ ಹಿಡಿತವೂ ಸಡಿಲವಾಗುತ್ತದೆ. ಗುಂಡಿಗೆ ನೀರು ಹಾಕಿ, ಮೂರು ಪಿನ್ನಿನ ಪ್ಲಗ್ ಬಳಸಿ, ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ನೀರು ತುಂಬುವಾಗ ಪ್ಲಗ್ ಕಿತ್ತುಬಿಡಿ. ಸಾಮಾನಿಗಿಂತ ಮೊದಲು ಮನೆಯ ಮಕ್ಕಳು ಉಳಿಯಬೇಕು.

ಓದುಗರಲ್ಲಿ ಒಂದು ಬೇಡಿಕೆ ಇದೆ. ಪ್ಲಗ್ಗಿಗೆ ಸಿಕ್ಕಿಸಿದರೆ ವೋಲ್ಟೇಜ್ ತೋರಿಸುವ ಪುಟ್ಟ ಮೀಟರ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ತಂದು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಏಳಕ್ಕೆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತನೆಯ ತರಗತಿಯ ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ವಿದ್ಯುತ್ತಿನ ಪಾಠವನ್ನು ಅವರು ಹೇಗೂ ಓದುತ್ತಿರುತ್ತಾರೆ. ಮನೆಗೆ ಬರುವ ವೋಲ್ಟೇಜ್ 230ಕ್ಕಿಂತ ಹೆಚ್ಚೆಂದರೆ ಶೇಕಡಾ 6ರಷ್ಟು ಮೇಲೆ ಕೆಳಗೆ, ಅಂದರೆ 216ರಿಂದ 244ರ ಒಳಗೆ ಇರಬೇಕೆಂಬುದು ನಿಯಮ. ಹದಿನೈದು ದಿನದ ಅಂಕಿಗಳ ಹಾಳೆ ಹಿಡಿದು ಓಣಿಯವರೆಲ್ಲ ಸೇರಿ ಕರೆಂಟು ಪೂರೈಸುವ ಜೆಸ್ಕಾಂನ ಶಾಖಾ ಕಚೇರಿಗೆ ಹೋದರೆ ಆ ಅರ್ಜಿಗೆ ಬರುವ ತೂಕವೇ ಬೇರೆ. ಆ ಅಂಕಿಗಳ ಹಿಂದಿನ ಕಾರಣ ಹುಡುಕುವ ಆಸೆ ಹುಟ್ಟಿದ ಹುಡುಗ ಹುಡುಗಿಯರಿಗೆ ಎಸ್‌ಎಸ್‌ಎಲ್‌ಸಿ ನಂತರ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಇದೆ, ಫ್ರಿಜ್ ಮತ್ತು ಎಸಿ ರಿಪೇರಿಯ ಕೋರ್ಸೂ ಇದೆ, ಎರಡೆರಡು ವರ್ಷದವು. ನಮ್ಮ ಊರುಗಳಲ್ಲಿ ಇವನ್ನು ಓದಿದವರ ಸಂಖ್ಯೆ ಸಾಲದು, ಹುಡುಗಿಯರದಂತೂ ತೀರಾ ಸಾಲದು. ದಯವಿಟ್ಟು ಕಳಿಸಿ.